ಅದಿರು ಅವರದು, ಕುಲುಮೆ ಯಾರದು?

ಹೊಸಪೇಟೆಯ ಓದುಗರೊಬ್ಬರ ಪತ್ರ: “ಇಂಡೋನೇಷ್ಯಾ ನಿಕಲ್ ಅದಿರಿನ ರಫ್ತು ನಿಲ್ಲಿಸಿ, ಕಾರ್ಖಾನೆಗಳು ತನ್ನ ನೆಲದಲ್ಲೇ ಏಳುವಂತೆ ಮಾಡಿತು ಎಂದು ಕಳೆದ ಸಂಚಿಕೆಯಲ್ಲಿ ಮೆಚ್ಚಿ ಬರೆದಿದ್ದೀರಿ. ಆ ಕಾರ್ಖಾನೆಗಳೆಲ್ಲ ಚೀನಾದವರ ಕೈಯಲ್ಲಿವೆ. ಇದು ದೇಶವನ್ನೇ ಮಾರಿಕೊಂಡಂತಲ್ಲವೇ? ಬಳ್ಳಾರಿಯ ಮಣ್ಣು ಚೀನಾಕ್ಕೆ ಹೋದದ್ದನ್ನು ಕಣ್ಣಾರೆ ಕಂಡ ನಮಗೆ ಈ ಪಾಠ ಬೇಡ.”

ಮಾನ್ಯರೇ,

ಬಳ್ಳಾರಿಯ ಮಾತನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. ನಿಮ್ಮೂರಿನ ರಸ್ತೆಗಳಲ್ಲಿ ಹಗಲಿರುಳೆನ್ನದೆ ಓಡಿದ ಲಾರಿಗಳಲ್ಲಿ ಇದ್ದದ್ದು ಕಬ್ಬಿಣದ ಕಚ್ಚಾ ಅದಿರು. ಬೇಲೆಕೇರಿಯಂಥ ಬಂದರುಗಳಲ್ಲಿ ಹಡಗೇರಿದ ಆ ಅದಿರು ಚೀನಾದ ಕುಲುಮೆಗಳನ್ನು ಸೇರಿತು. ರಾಜ್ಯ ಸರ್ಕಾರ 2010ರ ಜುಲೈನಲ್ಲಿ ರಫ್ತನ್ನು ನಿಷೇಧಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಲೂಟಿಗೆ ಚೀನಾದ ಹೂಡಿಕೆ ಬೇಕಾಗಿರಲಿಲ್ಲ, ಕೊಳ್ಳುವವರಿದ್ದರೆ ಸಾಕಾಗಿತ್ತು. ಅಗೆದವರು ನಮ್ಮವರು, ಕಣ್ಣು ಮುಚ್ಚಿಕೊಂಡವರೂ ನಮ್ಮವರೇ. ಹಣ ಯಾವ ದೇಶದ್ದು ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟರೆ ಬಳ್ಳಾರಿಯೂ ಅರ್ಥವಾಗದು, ಇಂಡೋನೇಷ್ಯಾದ ನಿಕಲ್ ನೆಲ ಸುಲವೇಸಿಯೂ ಅರ್ಥವಾಗದು. ಯಾವ ಷರತ್ತಿನ ಮೇಲೆ ಬಂತು ಎಂದು ಕೇಳೋಣ.

ಸುಲವೇಸಿ ದ್ವೀಪದ ಅದಿರೆಂದರೆ ನಮ್ಮ ಕರಾವಳಿಯ ಜಂಬಿಟ್ಟಿಗೆಯ ಜಾತಿಯ ಕೆಂಪು ಮಣ್ಣು. ಅದರಲ್ಲಿ ನಿಕಲ್ ಇರುವುದು ನೂರಕ್ಕೆ ಒಂದೂವರೆಯಿಂದ ಎರಡು ಪಾಲು. ಮೂರನೇ ಒಂದು ಭಾಗದಷ್ಟು ಬರೀ ನೀರು. ಹಾಗೆಯೇ ಹಡಗಿಗೆ ತುಂಬಿಸಿದರೆ ಸಾಗಿಸುವುದು ಬಹುಪಾಲು ಕೆಸರನ್ನೇ. ಅಗೆದ ಕಡೆಯೇ ಒಣಗಿಸಿ, ಕರಗಿಸಿ, ಲೋಹ ಮಾಡಿ ಕಳಿಸುವುದು ಲಾಭವೆಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ. ಆದರೂ ಹೆಚ್ಚಿನ ಪಾಶ್ಚಾತ್ಯ ಕಂಪನಿಗಳು ದಶಕಗಳ ಕಾಲ ಮೀನಮೇಷ ಎಣಿಸಿದವು. ಇಂಡೋನೇಷ್ಯಾ 2014ರಲ್ಲಿ ಕಚ್ಚಾ ಅದಿರಿನ ರಫ್ತನ್ನು ನಿಷೇಧಿಸಿ, 2017ರಲ್ಲಿ ಸಡಿಲಿಸಿ, 2020ರ ಜನವರಿ 1ರಿಂದ ಪೂರ್ತಿ ಬಂದ್ ಮಾಡಿತು. ನಿಕಲ್ ಬಳಸಿ ಸ್ಟೇನ್‌ಲೆಸ್ ಉಕ್ಕು ಮಾಡುವ ಚೀನಾದ ದೈತ್ಯ ಕಂಪನಿ ತ್ಸಿಂಗ್‌ಶಾನ್ ಮಾತ್ರ ಗಾಳಿ ಬಂದಾಗ ತೂರಿಕೊಳ್ಳಲು ಮೊದಲೇ ಸಿದ್ಧವಾಗಿತ್ತು. ಷಿ ಜಿನ್‌ಪಿಂಗ್ 2013ರ ಅಕ್ಟೋಬರ್‌ನಲ್ಲಿ ಜಕಾರ್ತಾಕ್ಕೆ ಬಂದಿದ್ದಾಗ ಸುಲವೇಸಿಯ ಮೊರೊವಾಲಿ ಕೈಗಾರಿಕಾ ಪ್ರದೇಶದ ಒಪ್ಪಂದಕ್ಕೆ ಸಹಿ ಬಿತ್ತು. ಎರಡು ವರ್ಷ ತುಂಬುವ ಮೊದಲೇ ಕುಲುಮೆ ಉರಿಯಿತು. ಈಗ ಅಲ್ಲಿ ಕಂಪನಿಗಳದ್ದೇ ಬಂದರು, ಕಂಪನಿಗಳದ್ದೇ ವಿಮಾನ ನಿಲ್ದಾಣ. ಜಗತ್ತಿನ ಗಣಿಗಳಿಂದ ಬರುವ ನಿಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಇಂಡೋನೇಷ್ಯಾದ್ದು.

ನಾವು ಮೆಚ್ಚಿದ್ದು ಆ ನಿಷೇಧವನ್ನು. ಅದರ ನಂತರದ ಚೌಕಾಸಿಯನ್ನು ಮೆಚ್ಚಲು ನನ್ನಿಂದಲೂ ಆಗದು.

ನಿಕಲ್ ರಫ್ತಿನ ಮೌಲ್ಯ ಅಲ್ಲಿನ ನಾಣ್ಯ ರುಪಯ್ಯಾದ ಲೆಕ್ಕದಲ್ಲಿ 17 ಲಕ್ಷ ಕೋಟಿಯಿಂದ 510 ಲಕ್ಷ ಕೋಟಿಗೆ ಏರಿತು ಎಂದು 2023ರಲ್ಲಿ ಆಗಿನ ಅಧ್ಯಕ್ಷ ಜೊಕೊ ವಿಡೊಡೊ ಬೀಗಿದರು. ಅಲ್ಲಿನದೇ ಅರ್ಥಶಾಸ್ತ್ರಜ್ಞ ಫೈಸಲ್ ಬಸ್ರಿ ಎದ್ದು ನಿಂತು ಕೇಳಿದರು: ರಫ್ತಾಗಿದ್ದು ಸರಿ, ಹಣ ಯಾರ ಜೇಬಿಗೆ? ನೂರಕ್ಕೆ ತೊಂಬತ್ತು ಪಾಲು ಲಾಭ ಚೀನಾಕ್ಕೇ ಮರಳುತ್ತಿದೆ ಎಂಬುದು ಅವರ ಲೆಕ್ಕ. ಸರ್ಕಾರ ಅದನ್ನು ಅಲ್ಲಗಳೆಯಿತು. ತೊಂಬತ್ತೋ ಅಲ್ಲವೋ, ಅವರು ಬೆರಳಿಟ್ಟು ತೋರಿಸಿದ ಜಾಗಗಳಂತೂ ಕಣ್ಣಿಗೆ ಕಾಣುವಂಥವು. ದೊಡ್ಡ ಹೂಡಿಕೆಗೆ 20 ವರ್ಷಗಳವರೆಗೆ ಆದಾಯ ತೆರಿಗೆಯ ರಜೆ. ರಫ್ತು ನಿಂತ ಮೇಲೆ ಅದಿರು ಕೊಳ್ಳುವವರು ಕುಲುಮೆಯವರು ಮಾತ್ರ. ಆದ್ದರಿಂದ ಸ್ಥಳೀಯ ಗಣಿಯವರಿಗೆ ಸಿಕ್ಕಿದ್ದು ಹೊರಗಿನ ಮಾರುಕಟ್ಟೆಗಿಂತ ಕಡಿಮೆ ಬೆಲೆ. ಶುದ್ಧೀಕರಣ ಸಾಮರ್ಥ್ಯದ ಮುಕ್ಕಾಲು ಪಾಲು ಚೀನೀ ಕಂಪನಿಗಳ ಹಿಡಿತದಲ್ಲಿರುವಾಗ ತೆರಿಗೆಯನ್ನೂ ಬಿಟ್ಟುಕೊಟ್ಟರೆ, ಸರ್ಕಾರಕ್ಕೆ ಉಳಿಯುವುದು ಸಂಬಳದ ಲೆಕ್ಕ ಮತ್ತು ಹೊಗೆ.

ಹೊಗೆ ಎಂಬುದು ಅಲಂಕಾರದ ಮಾತಲ್ಲ. ವಿದೇಶಗಳಲ್ಲಿ ಇನ್ನು ಹೊಸ ಕಲ್ಲಿದ್ದಲು ವಿದ್ಯುತ್ ಯೋಜನೆ ಕಟ್ಟುವುದಿಲ್ಲ ಎಂದು ಷಿ 2021ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಹೇಳಿದರು. ಕುಲುಮೆಗಳಿಗಾಗಿ ಅವುಗಳ ಪಕ್ಕದಲ್ಲೇ ಕಟ್ಟುವ ಕಲ್ಲಿದ್ದಲು ಸ್ಥಾವರಗಳು ಮಾತ್ರ ಏಳುತ್ತಲೇ ಹೋದವು. ಇಂಡೋನೇಷ್ಯಾದ 2022ರ ನಿಯಮವೇ ಅವುಗಳಿಗೆ ಬಾಗಿಲು ತೆರೆದಿಟ್ಟಿತ್ತು. ಆ ಕರೆಂಟಿನಿಂದ ತಯಾರಾಗುವ ನಿಕಲ್‌ನ ಒಂದು ಪಾಲು ಸೇರುವುದು ‘ಪರಿಸರಸ್ನೇಹಿ’ ಕಾರುಗಳ ಬ್ಯಾಟರಿಗೆ!

ಮೊರೊವಾಲಿಯಲ್ಲಿ 2023ರ ಡಿಸೆಂಬರ್ 24ರಂದು ದುರಸ್ತಿ ನಡೆಯುತ್ತಿದ್ದ ಕುಲುಮೆಯೊಂದರಲ್ಲಿ ಸ್ಫೋಟವಾಗಿ 21 ಕಾರ್ಮಿಕರು ಸತ್ತರು. ಸತ್ತವರಲ್ಲಿ ಇಂಡೋನೇಷ್ಯಾದವರೂ ಇದ್ದರು, ಚೀನಾದವರೂ ಇದ್ದರು. ‘ಚೀನಾದವರು’ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಇದನ್ನೂ ನೆನಪಿಡಿ. ಅದೇ ವರ್ಷದ ಜನವರಿಯಲ್ಲಿ ಉತ್ತರ ಮೊರೊವಾಲಿಯ ಇನ್ನೊಂದು ಕಾರ್ಖಾನೆಯಲ್ಲಿ, ಸಂಬಳ ಮತ್ತು ಸುರಕ್ಷತೆಗಾಗಿ ನಡೆದ ಮುಷ್ಕರ ಗಲಭೆಗೆ ತಿರುಗಿ, ಎರಡೂ ದೇಶಗಳ ಒಬ್ಬೊಬ್ಬರು ಜೀವ ಕಳೆದುಕೊಂಡರು.

ಪೆಟ್ಟು ಮೂರನೆಯವರಿಗೂ ಬಿತ್ತು. ಇಂಡೋನೇಷ್ಯಾದ ಅಗ್ಗದ ನಿಕಲ್ ಮಾರುಕಟ್ಟೆಯನ್ನು ತುಂಬಿ ಬೆಲೆ ಕುಸಿದಾಗ ಬಿಎಚ್‌ಪಿ ಎಂಬ ಗಣಿ ಕಂಪನಿ ಪಶ್ಚಿಮ ಆಸ್ಟ್ರೇಲಿಯಾದ ತನ್ನ ನಿಕಲ್ ಕೆಲಸವನ್ನು 2024ರಲ್ಲಿ ಸ್ಥಗಿತಗೊಳಿಸಿತು. ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲೆಡೋನಿಯಾದ ಕೊನಿಯಾಂಬೊ ಕುಲುಮೆಗಳೂ ಅದೇ ವರ್ಷ ತಣ್ಣಗಾದವು. ಐರೋಪ್ಯ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿ 2022ರಲ್ಲಿ ನಿಷೇಧದ ವಿರುದ್ಧ ತೀರ್ಪು ಪಡೆಯಿತು. ಇಂಡೋನೇಷ್ಯಾ ಮೇಲ್ಮನವಿ ಹಾಕಿ ಸುಮ್ಮನೆ ಕುಳಿತಿತು. ಆ ಸಂಸ್ಥೆಯ ಮೇಲ್ಮನವಿ ಪೀಠವೇ 2019ರಿಂದ ಕೆಲಸ ಮಾಡುತ್ತಿಲ್ಲವಲ್ಲ!

ಮಾರಿಕೊಂಡರೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮಾರಲಿಲ್ಲ, ತೀರಾ ಕಡಿಮೆ ಬಾಡಿಗೆಗೆ ಕೊಟ್ಟರು. ಬಾಡಿಗೆ ಏರಿಸಲು ಈಗ ಹೊರಟಿದ್ದಾರೆ. ಹತ್ತು ಶೇಕಡಾ ಇದ್ದ ಅದಿರಿನ ರಾಯಧನ 2025ರ ಏಪ್ರಿಲ್‌ನಿಂದ ಬೆಲೆಗೆ ತಕ್ಕಂತೆ 14ರಿಂದ 19 ಶೇಕಡಾ ಆಗಿದೆ. ಕುಲುಮೆಗಳನ್ನು ಕಿತ್ತು ಬೇರೆಡೆಗೆ ಒಯ್ಯುವುದು ಸುಲಭವಲ್ಲ ಎಂಬುದು ಸರ್ಕಾರಕ್ಕೂ ಗೊತ್ತು, ಕಂಪನಿಗಳಿಗೂ ಗೊತ್ತು. ಪಕ್ಕದ ಫಿಲಿಪ್ಪೀನ್ಸ್ ಇದೇ ಹಾದಿ ಹಿಡಿಯಬೇಕೆಂದು ಅದಿರು ರಫ್ತಿನ ನಿಷೇಧವನ್ನು ಮಸೂದೆಯಲ್ಲಿ ಸೇರಿಸಿ, 2025ರ ಜೂನ್‌ನಲ್ಲಿ ಕೈಬಿಟ್ಟಿತು. ಕರೆಂಟು ದುಬಾರಿ, ಕುಲುಮೆ ಕಟ್ಟುವವರಿಲ್ಲ ಎಂದು ಗಣಿ ಮಾಲೀಕರು ತಕರಾರು ತೆಗೆದಿದ್ದರು. ಅಲ್ಲಿನ ಅದಿರು ಇಂದಿಗೂ ಹೆಚ್ಚಾಗಿ ಚೀನಾಕ್ಕೇ ಹೋಗುತ್ತಿದೆ. ಈಚೆಗೆ ಒಂದು ಪಾಲು ಇಂಡೋನೇಷ್ಯಾದ ಕುಲುಮೆಗಳಿಗೂ.

— ಸಂ.