ಹಿಮ ಬಿದ್ದು ಮೂರು ದಿನವಾಗಿ, ಬಿಸಿಲೂ ಬಂದಿದೆ. ಇನ್ನೂ ಹಿಮಕುಸಿತದ ಅಪಾಯ ಇರುತ್ತದೆಯೇ?

ಇರುತ್ತದೆ. ಹೊಸ ಹಿಮ ಬಿದ್ದ ಒಂದೆರಡು ದಿನ ಅಪಾಯ ಜಾಸ್ತಿ ನಿಜ, ಹಾಗಂತ ಮೂರನೇ ದಿನಕ್ಕೆ ಅದು ತಾನಾಗಿ ಮುಗಿಯುವುದಿಲ್ಲ. (ಪತ್ರಿಕೆಗಳು ಹಿಮಕುಸಿತಕ್ಕೂ ಹಿಮಪಾತ ಅಂತಲೇ ಬರೆದುಬಿಡುತ್ತವೆ, ಹಿಮ ಬೀಳುವುದು ಬೇರೆ, ಕುಸಿಯುವುದು ಬೇರೆ.)

ಬೆಟ್ಟದ ಮೇಲಿನ ಹಿಮ ಒಂದೇ ಮುದ್ದೆಯಲ್ಲ, ಚಳಿಗಾಲವಿಡೀ ಪದರದ ಮೇಲೆ ಪದರವಾಗಿ ಕೂತದ್ದು. ಹಿಮ ತೆಳುವಾಗಿದ್ದಾಗ ಕೊರೆಯುವ ಚಳಿ ದಿನಗಟ್ಟಲೆ ಹಿಡಿದರೆ ಮೇಲ್ಮೈ ವಿಪರೀತ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ತಳ ಮಾತ್ರ ಸುಮಾರು 0 ಡಿಗ್ರಿಯಲ್ಲೇ ಇರುತ್ತದೆ. ಈ ವ್ಯತ್ಯಾಸದಿಂದ ಆವಿ ಮೇಲೇರಿ, ತಳದ ಕಣಗಳು ಒಂದಕ್ಕೊಂದು ಅಂಟದ ದಪ್ಪ ಸಕ್ಕರೆಯಂತಾಗುತ್ತವೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಕೂತಿತೆಂದರೆ, ರಾಗಿ ಕಾಳಿನ ಮೇಲೆ ಹಲಗೆ ಇಟ್ಟಂತೆ. ಒಬ್ಬ ಸ್ಕೀಯಿಂಗ್ ಮಾಡುವವನ ಭಾರವೇ ಸಾಕು, ಇಡೀ ಹಲಗೆ ಜಾರುತ್ತದೆ. ಸಕ್ಕರೆಯಂಥ ಆ ಸಡಿಲ ಪದರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ಹೆಚ್ಚಿನ ಹಿಮಕುಸಿತಗಳು ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನೀವು ಸಮತಟ್ಟಿನಲ್ಲಿದ್ದರೂ ತಲೆಯ ಮೇಲೆ ಅಂಥ ಇಳಿಜಾರಿದ್ದರೆ ಅಪಾಯವೇ. ಕಾಲಡಿ 'ಧುಪ್' ಎಂದು ಕುಸಿದ ಸದ್ದಾದರೆ, ಬಿರುಕು ಓಡಿದರೆ, ಚರ್ಚೆ ಬೇಡ, ವಾಪಸ್ ಬನ್ನಿ.

ಬೇರೆಯವರ ಸ್ಕೀ ಗುರುತು ನೋಡಿ ಧೈರ್ಯ ತಂದುಕೊಳ್ಳುವುದೇ ನನ್ನ ಪ್ರಕಾರ ದೊಡ್ಡ ತಪ್ಪು. ಒಂಬತ್ತು ಜನ ದಾಟಿದ ಮೇಲೆ ಹತ್ತನೆಯವನ ಕಾಲು ಗಟ್ಟಿ ಪದರ ತೆಳುವಾದ ಕಡೆ ಬಿದ್ದು, ಭಾರ ಕೆಳಗಿನ ಸಡಿಲ ಪದರಕ್ಕೆ ತಾಗಿಬಿಡಬಹುದು. ಹೂತುಹೋದವರು ಬದುಕುವ ಸಾಧ್ಯತೆ 10–15 ನಿಮಿಷದ ನಂತರ ಸರ್ರನೆ ಇಳಿಯುತ್ತದೆ. ಹಾಗಾಗಿ ಟ್ರಾನ್ಸೀವರ್ (ಹೂತವರನ್ನು ರೇಡಿಯೋ ಸಂಕೇತದಿಂದ ಪತ್ತೆಹಚ್ಚುವ ಸಾಧನ), ಚುಚ್ಚಿ ಹುಡುಕುವ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು.