ಸಭೆಯಲ್ಲಿ ಮೌನ, ಪ್ಲಾಟ್‌ಫಾರಂನಲ್ಲಿ ಮಾತು

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಾನು ಐದು ವರ್ಷಗಳಿಂದ ಇದ್ದೇನೆ. ಕಟ್ಟಡ ನಿಧಿಯ ಹಣದಲ್ಲಿ ಬೆಳ್ಳಿಹಬ್ಬ ಆಚರಿಸೋಣವೆಂದು ಕಳೆದ ವರ್ಷ ಅಧ್ಯಕ್ಷರು ಹೇಳಿದಾಗ ನಮ್ಮಲ್ಲಿ ಹೆಚ್ಚಿನವರಿಗೆ ಅದು ಸರಿಕಾಣಲಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಈಗ ಕಟ್ಟಡದ ಕೆಲಸ ನಿಂತಿದೆ, ಮುಂದಿನ ಅವಧಿಗೆ ನನ್ನನ್ನೇ ಅಧ್ಯಕ್ಷನಾಗಲು ಒತ್ತಾಯಿಸುತ್ತಿದ್ದಾರೆ. ಅಂದು ಹೇಡಿಯಾದವನಿಗೆ ಈ ಯೋಗ್ಯತೆ ಇದೆಯೇ? ನಮ್ಮ ಕಥೆಗಳಲ್ಲಾಗಲಿ ಮನಶ್ಶಾಸ್ತ್ರದಲ್ಲಾಗಲಿ ಇದಕ್ಕೆ ಉತ್ತರ ಸಿಗುತ್ತದೆಯೇ?
— ಹೆಸರು ಬೇಡವೆಂದ ಓದುಗರು

ಉತ್ತರ: ‘ಯಾರದೂ ಆಕ್ಷೇಪವಿಲ್ಲ ತಾನೆ?’ ಎಂದು ಕೇಳುತ್ತಲೇ ಅಧ್ಯಕ್ಷರು ಕಡತ ಮುಚ್ಚುವುದನ್ನೂ, ಅಷ್ಟರಲ್ಲಿ ಚಹಾ ಬರುವುದನ್ನೂ, ಸಭೆಯಲ್ಲಿ ತುಟಿ ಬಿಚ್ಚದವರು ರಾತ್ರಿ ಒಂಬತ್ತೂವರೆಯ ಲೋಕಲ್‌ಗೆ ಕಾಯುತ್ತಾ ಪ್ಲಾಟ್‌ಫಾರಂನಲ್ಲಿ ಅರ್ಧ ಗಂಟೆ ಭಾಷಣ ಮಾಡುವುದನ್ನೂ ಮುಂಬಯಿಯ ಸಂಘಗಳಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಆ ಭಾಷಣಗಳಲ್ಲಿ ಕೆಲವು ನನ್ನವೇ. ಆದ್ದರಿಂದ ‘ಹೇಡಿ’ ಎಂಬ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ.

ಅಮೆರಿಕದ ಮನಶ್ಶಾಸ್ತ್ರಜ್ಞ ಸೊಲೊಮನ್ ಆಷ್ 1950ರ ದಶಕದಲ್ಲಿ ಒಂದು ಸರಳ ಪ್ರಯೋಗ ನಡೆಸಿದರು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರರಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕೇಳುವುದು, ಅಷ್ಟೇ. ಕೋಣೆಯಲ್ಲಿದ್ದವರಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಒಪ್ಪಂದ ಮಾಡಿಕೊಂಡು ಬೇಕೆಂದೇ ತಪ್ಪು ಉತ್ತರ ಕೊಡುತ್ತಿದ್ದರು. ಒಂಟಿಯಾಗಿ ಕೇಳಿದರೆ ಬಹುತೇಕ ಯಾರೂ ತಪ್ಪದ ಈ ಪ್ರಶ್ನೆಗೆ, ಅಂಥ ಗುಂಪಿನಲ್ಲಿ ಬಂದ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗುಂಪಿನ ತಪ್ಪನ್ನೇ ಅನುಸರಿಸಿದವು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಿಮಗೆ ಬೇಕಾದದ್ದು ಇದರ ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯುತ್ತರ ಕೊಟ್ಟರೂ ಸಾಕು, ತಲೆಬಾಗುವಿಕೆ ಮೊದಲಿದ್ದುದರ ಸುಮಾರು ಕಾಲು ಭಾಗಕ್ಕೆ ಇಳಿಯಿತು. ಅದೇ ಜೊತೆಗಾರ ನಡುವೆ ಬಹುಮತದ ಕಡೆಗೆ ವಾಲಿದಾಗ ಮತ್ತೆ ಮೊದಲಿನಷ್ಟೇ ಏರಿತು. ಅಂದರೆ ಮನುಷ್ಯನಿಗೆ ಅಲ್ಲಿ ಕೊರತೆಯಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ ಜೊತೆ.

ಈ ಕಣ್ಣಿನಿಂದ ಕುರುಸಭೆಯನ್ನು ನೋಡಿ. ದ್ರೌಪದಿಯ ಪ್ರಶ್ನೆಗೆ ಭೀಷ್ಮರು ಧರ್ಮ ಸೂಕ್ಷ್ಮವೆಂದು ನುಣುಚಿಕೊಂಡಾಗ, ದುರ್ಯೋಧನನ ತಮ್ಮ ವಿಕರ್ಣ ಎದ್ದು ಈಕೆ ಪಣದಲ್ಲಿ ಸೋತವಳಲ್ಲ ಎನ್ನುತ್ತಾನೆ. ವಿಕರ್ಣನ ಏಕಾಂಗಿ ಧೈರ್ಯವನ್ನು ನಾವು ಹೊಗಳುತ್ತೇವೆ. ಆದರೆ ವ್ಯಾಸಭಾರತದಲ್ಲಿ ಆ ಮಾತಿಗೆ ಸಭಾಸದರು ಗದ್ದಲವೆಬ್ಬಿಸಿ ಮೆಚ್ಚುಗೆ ಸೂಚಿಸಿದರೆಂದೂ ಇದೆ. ಮೆಚ್ಚಿದವರಲ್ಲಿ ಒಬ್ಬರೂ ಎದ್ದು ನಿಲ್ಲಲಿಲ್ಲ. ಕರ್ಣ ಗದರಿದ, ಅಲ್ಲಿಗೆ ಮುಗಿಯಿತು. ತಿಳಿದೂ ಉತ್ತರಿಸದ ಸಭಾಸದನಿಗೆ ಸುಳ್ಳಿನ ಫಲದಲ್ಲಿ ಅರ್ಧ ಪಾಲು ಸಲ್ಲುತ್ತದೆಂದು ಆಮೇಲೆ ವಿದುರ ಹೇಳುತ್ತಾನೆ. ಓದುವಾಗ ನಾವೆಲ್ಲರೂ ವಿಕರ್ಣರೇ. ಗದ್ದಲ ಮಾಡಿ ಕುಳಿತವರ ಸಾಲಿನಲ್ಲಿ ನಮ್ಮನ್ನು ಕಾಣುವುದು ಕಷ್ಟ. ನೀವು ಕಂಡಿದ್ದೀರಿ, ಅದು ಸಣ್ಣದಲ್ಲ.

ಅಧ್ಯಕ್ಷರಾಗುವುದಾದರೆ ರಾಜಕೀಯದ ಒಂದು ಪಾಠವೂ ನಿಮಗೆ ಉಪಯೋಗಕ್ಕೆ ಬರಬಹುದು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್‌ನಲ್ಲಿ ಅಮೆರಿಕ ಬೆಂಬಲಿಸಿದ ದಾಳಿ ಮೂರೇ ದಿನಗಳಲ್ಲಿ ನೆಲಕಚ್ಚಿತು. ಅಮೆರಿಕದ ಅಧ್ಯಕ್ಷ ಕೆನಡಿಯವರ ಬುದ್ಧಿವಂತ ಸಲಹೆಗಾರರಲ್ಲಿ ಸಂಶಯವಿದ್ದವರೂ ಸಭೆಯಲ್ಲಿ ಅದನ್ನು ಒತ್ತಿ ಹೇಳಿರಲಿಲ್ಲ. ಇಂಥ ಒಮ್ಮತದ ಜಾಡ್ಯವನ್ನು ಮನಶ್ಶಾಸ್ತ್ರಜ್ಞ ಅರ್ವಿಂಗ್ ಜಾನಿಸ್ 1972ರಲ್ಲಿ ವಿವರವಾಗಿ ವಿಶ್ಲೇಷಿಸಿದರು. ದಾಳಿಯ ಮರುವರ್ಷ, 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಬಂದಾಗ ಅದೇ ಕೆನಡಿ, ತಾನಿದ್ದರೆ ಜನ ಬಿಚ್ಚಿ ಮಾತಾಡರೆಂದು ಕೆಲವು ಸಭೆಗಳಿಂದ ದೂರ ಉಳಿದರು. ಮನುಷ್ಯರು ಬಹುಮಟ್ಟಿಗೆ ಅವರೇ, ಸಭೆ ನಡೆಸುವ ಕ್ರಮ ಬೇರೆ.

ನಿಮ್ಮ ಸಂಘಕ್ಕೆ ಇಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಹಣದ ವಿಷಯ ಬಂದಾಗ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ಎಲ್ಲರ ಕೈಗೂ ಒಂದು ಚೀಟಿ ಕೊಟ್ಟು, ಚರ್ಚೆಗೆ ಮೊದಲೇ ಬರೆಸಿಕೊಳ್ಳಿ. ಆಷ್ ಅವರ ಪ್ರಯೋಗದಲ್ಲೂ ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಗುಂಪಿಗೆ ಮಣಿಯುವುದು ಬಹಳ ಕಡಿಮೆಯಾಗಿತ್ತು. ಮತ್ತು ಮೊದಲ ಸಭೆಯಲ್ಲಿ, ಹಿಂದಿನ ಅಧ್ಯಕ್ಷರನ್ನು ದೂರದೆ, ಕಟ್ಟಡ ನಿಧಿಯ ನಿರ್ಣಯವಾದ ದಿನ ನೀವು ಸುಮ್ಮನಿದ್ದಿರೆಂಬುದನ್ನು ನೀವೇ ಹೇಳಿ, ನಡಾವಳಿಯಲ್ಲಿ ಬರೆಸಿ.

ಪ್ರಶ್ನೆ: ಕಥೆಗಳಿಂದ ನಾಯಕತ್ವ ಕಲಿಯಬಹುದೆಂಬುದು ಮಕ್ಕಳಿಗೆ ಹೇಳುವ ಸಮಾಧಾನವಲ್ಲವೇ?
— ಪುಣೆಯ ಓದುಗರು

ಉತ್ತರ: ನೀತಿಯನ್ನಷ್ಟೇ ಹೆಕ್ಕಿಕೊಂಡರೆ ಹೌದು. ಆದರೆ ಪಂಚತಂತ್ರದ (ಕನ್ನಡಕ್ಕೆ ಹನ್ನೊಂದನೆಯ ಶತಮಾನದಲ್ಲೇ ದುರ್ಗಸಿಂಹ ತಂದದ್ದು) ಸಿಂಹ ಪಿಂಗಳಕನನ್ನು ಒಮ್ಮೆ ನಿಧಾನವಾಗಿ ಗಮನಿಸಿ. ಎಂದೂ ಕಂಡಿರದ ಎತ್ತಿನ ಗುಟುರು ಕೇಳಿ ಅವನು ನೀರು ಕುಡಿಯದೆ ಹಿಂದಿರುಗುತ್ತಾನೆ, ಹೆದರಿದೆನೆಂದು ಯಾರಿಗೂ ಹೇಳುವುದಿಲ್ಲ. ನರಿ ದಮನಕನಿಗೆ ಆಸ್ಥಾನದಲ್ಲಿ ಜಾಗ ಸಿಕ್ಕುವುದು ಆ ಮುಚ್ಚಿಟ್ಟ ಭಯದ ಸಂದಿನಿಂದಲೇ. ಮೂವತ್ತು ವರ್ಷ ಕಚೇರಿಯಲ್ಲಿ ಕೆಲಸ ಮಾಡಿದ ಮೇಲೆ ನನಗೆ ಈ ಕಥೆ ಮಕ್ಕಳದ್ದೆಂದು ಅನ್ನಿಸುವುದಿಲ್ಲ.