ಬೊಟಿಕ್ ಅನಲಾಗ್ ಫ್ಲಾಂಜರ್ ತಗೊಳ್ಳೋದಾದ್ರೆ ಹಳೇ ಚಿಪ್ ಇರೋದೇ ಬೇಕಾ?

ವಿರಾಜಪೇಟೆ ಕಡೆ ಮದುವೆ ಮಂಟಪ, ಹೋಂಸ್ಟೇಗಳಲ್ಲಿ ಗಿಟಾರ್ ನುಡಿಸ್ತೀರಿ, ರೆಟಿಕಾನ್ ಕಂಪನಿಯ ಹಳೇ ಚಿಪ್ ಹಾಕಿ ಕೈಯಲ್ಲೇ ಜೋಡಿಸಿದ ಫ್ಲಾಂಜರ್‌ಗೆ ದುಡ್ಡು ಕೂಡಿಡ್ತಿದ್ದೀರಿ. (ಫ್ಲಾಂಜರ್ ಅಂದರೆ ಗಿಟಾರ್ ದನಿಗೆ ಅದರದೇ ಚೂರು ತಡವಾದ ನಕಲನ್ನ ಬೆರೆಸೋ ಪೆಡಲ್; ಆ ತಡ ಮಾಡೋದೇ ಈ ಚಿಪ್ಪಿನ ಕೆಲಸ.) ಆ ಹಂಬಲ ನನಗೂ ಇತ್ತು, ಅದಕ್ಕೇ ನೇರವಾಗಿ ಹೇಳ್ತೀನಿ: ಚಿಪ್ಪಿನ ಹೆಸರಿಗೆ ದುಡ್ಡು ಕೊಡಬೇಡಿ. ಮೊದಲು ನಿಮ್ಮ ಅಡಾಪ್ಟರ್ ಬದಲಾಯಿಸಿ.

ಇಂಥ ಪೆಡಲ್ ಹಾಳಾಗೋದು ಹೆಚ್ಚಾಗಿ ಒಂದೇ ತಪ್ಪಿನಿಂದ. ವೋಲ್ಟೇಜ್ ಅಳೆಯದೆ ಒಳಗಿನ ಟ್ರಿಮ್‌ಪಾಟ್‌ಗೆ, ಅಂದರೆ ತಿರುಗಿಸಿ ಹೊಂದಿಸೋ ಪುಟ್ಟ ಗುಂಡಿಗೆ, ಸ್ಕ್ರೂಡ್ರೈವರ್ ಹಾಕೋದು. ಇದನ್ನ ಸ್ವಲ್ಪ ಬಿಡಿಸಿಯೇ ಹೇಳಬೇಕು.

ತಡ ಮಾಡೋ ಈ ಥರದ ಚಿಪ್‌ಗೆ ಬಿಬಿಡಿ (ಬಕೆಟ್ ಬ್ರಿಗೇಡ್ ಡಿವೈಸ್) ಅಂತಾರೆ. ಅದರ ಒಳಗೆ ಗಿಟಾರ್ ಸಿಗ್ನಲ್ ಒಂದು ಪುಟ್ಟ ಕೆಪಾಸಿಟರ್‌ನಿಂದ ಮುಂದಿನದಕ್ಕೆ, ಕ್ಲಾಕ್ ಅನ್ನೋ ಮಿಡಿತದ ತಾಳಕ್ಕೆ, ದಾಟ್ತಾ ಹೋಗುತ್ತೆ, ಸಾಮಾನ್ಯವಾಗಿ 1024 ಹಂತ. ಸಿಗ್ನಲ್ ಮೇಲಕ್ಕೂ ಕೆಳಕ್ಕೂ ಆಡೋದರಿಂದ ಅದನ್ನ ನಡುವಿನ ಒಂದು ಡಿಸಿ ಮಟ್ಟದಲ್ಲಿ ಕೂರಿಸಬೇಕು. ಅದೇ ಬಯಾಸ್. ಎಂಎನ್3207 ಅನ್ನೋ ಇನ್ನೊಂದು ಬಿಬಿಡಿ ಚಿಪ್‌ಗೆ ಅದು ಸರಬರಾಜಿನ ಅರ್ಧದ ಆಸುಪಾಸು, ಆದರೆ ಸರಿಯಾದ ಜಾಗ ಚಿಪ್ಪಿಂದ ಚಿಪ್ಪಿಗೆ ಬೇರೆ. ಟ್ರಿಮ್‌ಪಾಟ್ ಇಟ್ಟಿರೋದೇ ಅದಕ್ಕೆ. ಬಯಾಸ್ ಸ್ವಲ್ಪ ತಪ್ಪಿದರೆ ದನಿ ಒಂದೇ ಕಡೆ ಕತ್ತರಿಸಿ ಬಿರುಕು ಬಿಟ್ಟಂತೆ ಕೇಳುತ್ತೆ. ಪೂರ್ತಿ ತಪ್ಪಿದರೆ ವಿಳಂಬದ ಸಿಗ್ನಲ್ಲೇ ಇಲ್ಲ: ಎಲ್‌ಇಡಿ ಉರೀತಿರುತ್ತೆ, ಗಿಟಾರ್ ಮಾತ್ರ ಬರಿದಾಗಿ ಕೇಳುತ್ತೆ.

ಈಗ ನಮ್ಮ ಮಳೆಗಾಲದ ಸಂಜೆ ನೆನೆಸಿಕೊಳ್ಳಿ. ಲೈನ್ 230 ವೋಲ್ಟ್‌ನಿಂದ 180ಕ್ಕೆ ಇಳಿದಿದೆ. ವೋಲ್ಟೇಜ್ ಸ್ಥಿರವಾಗಿಡೋ ರೆಗ್ಯುಲೇಟರ್ ಇಲ್ಲದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಅದೇ ಅನುಪಾತದಲ್ಲಿ ಇಳಿಯುತ್ತೆ, 9 ವೋಲ್ಟ್ ಇರಬೇಕಾದಲ್ಲಿ 7. ಬಯಾಸ್ ಜಾರಿತು, ಫ್ಲಾಂಜ್ ಹೋಯಿತು. ಪೆಡಲ್ ಕೆಟ್ಟಿದೆ ಅಂತ ಹಿಂದಿನ ಮುಚ್ಚಳ ಬಿಚ್ಚಿ, ಆ 7 ವೋಲ್ಟ್‌ಗೆ ಸರಿಹೋಗೋ ಹಾಗೆ ಟ್ರಿಮ್ ತಿರುಗಿಸ್ತಾರೆ. ಬೆಳಿಗ್ಗೆ ಕರೆಂಟ್ ಸರಿಯಾದಾಗ ಮತ್ತೆ ತಪ್ಪು, ಮತ್ತೆ ತಿರುಗಿಸೋದು. ಅಷ್ಟರಲ್ಲಿ ಪಕ್ಕದ ಟ್ರಿಮ್‌ಪಾಟ್‌ಗೂ ಕೈ ಹಾಕಿರ್ತಾರೆ, ಮೂಲ ಜಾಗ ಯಾವುದಿತ್ತು ಅನ್ನೋದು ಯಾರಿಗೂ ಗೊತ್ತಿಲ್ಲ. ಉಲ್ಟಾ ಕಷ್ಟವೂ ಇದೆ. ಅದೇ ಅಡಾಪ್ಟರ್ ಹೊರೆ ಕಡಿಮೆ ಇದ್ದಾಗ 12 ವೋಲ್ಟ್ ದಾಟಬಹುದು. ಎಂಎನ್3207 ಕೆಲಸ ಮಾಡೋದು 4ರಿಂದ 10 ವೋಲ್ಟ್‌ನಲ್ಲಿ. ಒಳಗೆ ರೆಗ್ಯುಲೇಟರ್ ಇಲ್ಲದ ಪೆಡಲ್ ಆದರೆ ಚಿಪ್ ಅಲ್ಲಿಗೆ ಮುಗೀತು.

ಟ್ರಿಮ್ ಮುಟ್ಟಲೇಬೇಕಾದರೆ ಮೊದಲು ಪೆಡಲ್ ಆನ್ ಇರುವಾಗಲೇ ಮಲ್ಟಿಮೀಟರ್‌ನಲ್ಲಿ ಸರಬರಾಜು ನೋಡಿ. ಸರಿಯಿದ್ದರೆ ಪ್ರತಿ ಟ್ರಿಮ್‌ಪಾಟ್‌ನ ಈಗಿನ ಜಾಗಕ್ಕೂ ಮಾರ್ಕರ್‌ನಲ್ಲಿ ಗೆರೆ ಎಳೆದು ಫೋಟೋ ತೆಗೆದಿಡಿ. ಫೀಡ್‌ಬ್ಯಾಕ್ (ತಡವಾದ ಸಿಗ್ನಲ್‌ನ ಮತ್ತೆ ಒಳಕ್ಕೆ ಕಳಿಸೋದು) ಸೊನ್ನೆಗೆ ಇಳಿಸಿ, ಗಟ್ಟಿಯಾಗಿ ಕಾರ್ಡ್ ಹೊಡೀತಾ ಬಯಾಸ್ ಟ್ರಿಮ್ ಕೂದಲೆಳೆಯಷ್ಟೇ ತಿರುಗಿಸಿ. ದನಿ ಒಡೆಯೋ ಎರಡು ತುದಿ ಸಿಗುತ್ತೆ, ಅವುಗಳ ನಡುಮಧ್ಯ ನಿಲ್ಲಿಸಿ. ಆಮೇಲೆ ಹೊರಗಿನ ಫೀಡ್‌ಬ್ಯಾಕ್ ಪೂರ್ತಿ ಏರಿಸಿ, ಪೆಡಲ್ ತಾನಾಗಿ ಊಳಿಡೋಕೆ ಶುರು ಮಾಡೋ ಜಾಗಕ್ಕಿಂತ ಒಂದಿಷ್ಟು ಹಿಂದೆ ಫೀಡ್‌ಬ್ಯಾಕ್ ಟ್ರಿಮ್ ಇಡಿ. ಕ್ಲಾಕ್ ಟ್ರಿಮ್‌ಗೆ ಆಸಿಲೋಸ್ಕೋಪ್ ಅಥವಾ ಫ್ರೀಕ್ವೆನ್ಸಿ ಮೀಟರ್ ಬೇಕು. ಅದಿಲ್ಲದೆ ಮುಟ್ಟಬೇಡಿ.

ಹಾಗಂತ ಅಗ್ಗದ ಮೊಬೈಲ್ ಚಾರ್ಜರ್ ಥರದ ಅಡಾಪ್ಟರ್ ಚುಚ್ಚಿದರೂ ಆಗಲ್ಲ. ಅದರ ವೋಲ್ಟೇಜ್ ಸ್ಥಿರ, ಆದರೆ ಸ್ವಿಚಿಂಗ್ ಗದ್ದಲ ಲೈನಿಗೆ ಬರುತ್ತೆ. ಅದು 65 ಕಿಲೋಹರ್ಟ್ಸ್‌ನಲ್ಲಿದೆ ಅಂದುಕೊಳ್ಳಿ. ಫ್ಲಾಂಜರ್ ಕ್ಲಾಕ್ ಏರಿಳಿಯುವಾಗ 66 ಕಿಲೋಹರ್ಟ್ಸ್ ದಾಟುವ ಕ್ಷಣಕ್ಕೆ ವ್ಯತ್ಯಾಸದ 1 ಕಿಲೋಹರ್ಟ್ಸ್ ಶಿಳ್ಳೆಯಾಗಿ ಕಿವಿಗೆ ಬೀಳುತ್ತೆ. ಒಂದೇ ಡೈಸಿ ಚೈನ್‌ನಲ್ಲಿ (ಒಂದು ಅಡಾಪ್ಟರ್‌ನಿಂದ ಹಲವು ಪೆಡಲ್‌ಗೆ ಹೋಗೋ ವೈರ್) ಅನಲಾಗ್ ಕೋರಸ್ ಪೆಡಲ್ ಕೂಡ ಇದ್ದರೆ ಎರಡು ಕ್ಲಾಕ್‌ಗಳೂ ಹೀಗೇ ಗುದ್ದಾಡ್ತವೆ. ಐಸೊಲೇಟೆಡ್ (ಒಂದಕ್ಕೊಂದು ವಿದ್ಯುತ್ ಸಂಪರ್ಕವಿಲ್ಲದ) ಔಟ್‌ಪುಟ್ ಇರುವ ಪವರ್ ಸಪ್ಲೈ ತಗೊಳ್ಳಿ, ಫ್ಲಾಂಜರ್‌ಗೆ ಅದರಲ್ಲಿ ಒಂದು ಔಟ್‌ಪುಟ್ ಪ್ರತ್ಯೇಕವಾಗಿಡಿ.

ಇನ್ನು ಚಿಪ್. ಎಲೆಕ್ಟ್ರೋ-ಹಾರ್ಮೋನಿಕ್ಸ್‌ಗೆ ಡೇವಿಡ್ ಕಾಕರೆಲ್ ವಿನ್ಯಾಸ ಮಾಡಿದ 1976ರ ಎಲೆಕ್ಟ್ರಿಕ್ ಮಿಸ್ಟ್ರೆಸ್ ಫ್ಲಾಂಜರ್‌ನಿಂದಾಗಿ ರೆಟಿಕಾನ್‌ನ ಎಸ್‌ಎಡಿ1024 ಚಿಪ್‌ಗೆ ಈ ಪರಿ ಹೆಸರು. ಅದಕ್ಕೆ ಒಂದು ನಿಜವಾದ ಗುಣವಿದೆ: ಕ್ಲಾಕ್ ಪಿನ್‌ನ ಕೆಪಾಸಿಟೆನ್ಸ್ ಕಡಿಮೆ, ಹಾಗಾಗಿ ತುಂಬಾ ವೇಗವಾಗಿ ಓಡಿಸಬಹುದು. ವಿಳಂಬ ಅಂದರೆ ಹಂತಗಳ ಸಂಖ್ಯೆಯನ್ನ ಕ್ಲಾಕ್‌ನ ಎರಡರಷ್ಟರಿಂದ ಭಾಗಿಸಿದ್ದು. 1024 ಹಂತಕ್ಕೆ 100 ಕಿಲೋಹರ್ಟ್ಸ್ ಕೊಟ್ಟರೆ 5.12 ಮಿಲಿಸೆಕೆಂಡ್, 1 ಮೆಗಾಹರ್ಟ್ಸ್ ಕೊಟ್ಟರೆ 0.51. 5 ಮಿಲಿಸೆಕೆಂಡ್‌ನಲ್ಲಿ ದನಿಯೊಳಗಿನ ಕುಳಿಗಳು (ಮೂಲ ದನಿ, ತಡವಾದ ದನಿ ಸೇರಿ ರದ್ದಾಗೋ ಜಾಗಗಳು) 100, 300, 500 ಹರ್ಟ್ಸ್‌ನಲ್ಲಿ ಬೀಳ್ತವೆ; ಅರ್ಧ ಮಿಲಿಸೆಕೆಂಡ್‌ನಲ್ಲಿ ಮೊದಲ ಕುಳಿಯೇ 1000ಕ್ಕೆ. ಜೆಟ್ ವಿಮಾನ ಹಾರಿ ಹೋದಂಥ ಆ ಸದ್ದು ಈ ಓಟದ ಅಗಲದಿಂದ ಬರುತ್ತೆ, ಚಿಪ್ ಮೇಲಿನ ಅಚ್ಚಿನಿಂದಲ್ಲ. ಎಂಎನ್3207 ಕ್ಲಾಕ್ ಪಿನ್ 700 ಪಿಕೋಫ್ಯಾರಡ್‌ನಷ್ಟು ಭಾರ, ಕ್ಲಾಕ್ ಕೊಡೋ ಎಂಎನ್3102 ಚಿಪ್ ಒಂದೇ ಅದನ್ನ ಅಷ್ಟು ವೇಗಕ್ಕೆ ಎಳೆಯಲ್ಲ. ಒಳ್ಳೆ ವಿನ್ಯಾಸಕ ನಡುವೆ ಕ್ಲಾಕ್‌ಗೆ ಬಲ ಕೊಡೋ 4049 ಬಫರ್‌ಗಳನ್ನ ಸಮಾನಾಂತರವಾಗಿ ಜೋಡಿಸ್ತಾನೆ. ನನ್ನ ಮಟ್ಟಿಗೆ ದುಡ್ಡು ಕೊಡಬೇಕಾದ್ದು ಈ ಕೆಲಸಕ್ಕೆ. ಎಂಎನ್3207ರ ತದ್ರೂಪಾದ ಕೂಲ್‌ಆಡಿಯೋ ಕಂಪನಿಯ ವಿ3207 ಹಾಕಿ ಹೀಗೆ ಓಡಿಸಿದ ಪೆಡಲ್, ಅರೆಬರೆ ಹೊಂದಿಸಿದ ರೆಟಿಕಾನ್‌ಗಿಂತ ಎಷ್ಟೋ ಚೆನ್ನ. ರೆಟಿಕಾನ್ ತಯಾರಿಕೆ ನಿಂತು ದಶಕಗಳಾದವು, ಮಾರುಕಟ್ಟೆಯಲ್ಲಿ ಅಚ್ಚು ಬದಲಿಸಿದ ನಕಲಿಗಳೂ ಓಡಾಡ್ತಿವೆ. ಸುಟ್ಟರೆ ಮಡಿಕೇರಿಯಲ್ಲಿರಲಿ, ಬೆಂಗಳೂರಲ್ಲೂ ಅಸಲಿ ಹುಡುಕೋದು ಕಷ್ಟ.

ಕೊಳ್ಳೋ ಮುಂಚೆ ತಯಾರಕರಿಗೆ ಮೂರು ವಿಷಯ ಬರೆದು ಕೇಳಿ: ಕನಿಷ್ಠ ಮತ್ತು ಗರಿಷ್ಠ ವಿಳಂಬ ಎಷ್ಟು, ಒಳಗೆ ರೆಗ್ಯುಲೇಟರ್ ಇದೆಯಾ, ಟ್ರಿಮ್ ಹೊಂದಿಸುವ ಕ್ರಮ ಮತ್ತು ಪರೀಕ್ಷಾ ವೋಲ್ಟೇಜ್ ಕೊಡ್ತಾರಾ. ಮೂರನೆಯದಕ್ಕೆ ಗುಟ್ಟು ಅಂದರೆ ಆ ಪೆಡಲ್ ಬಿಟ್ಟುಬಿಡಿ. ಬಂದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಪೆಡಲ್ ಮೇಲಿನ ಗುಂಡಿ (ಪಾಟ್) ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ ಹೊಡೀರಿ, ತುಕ್ಕು ಬಿಡಿಸೋ ಎಣ್ಣೆ ಬೇಡ.